ಎಳೆ ಯಾವ ದಿಕ್ಕಿಗೆ, ಬಲ ಆ ದಿಕ್ಕಿಗೆ

1971ರ ಫೆಬ್ರುವರಿ 4ರಂದು ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪೆನಿ ದಿವಾಳಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಆ ದೇಶವನ್ನು ಕಾಯ್ದ ಯುದ್ಧವಿಮಾನಗಳಿಗೆ ಎಂಜಿನ್ ಕೊಟ್ಟ ಕಂಪೆನಿ ಅದು. ಕೊನೆಗೆ ಸರ್ಕಾರವೇ ಅದನ್ನು ವಹಿಸಿಕೊಂಡು ಉಳಿಸಬೇಕಾಯಿತು. ದಿವಾಳಿಗೆ ಕಾರಣಗಳು ಹಲವು. ಲಾಕ್‌ಹೀಡ್ ಕಂಪೆನಿಯ ಟ್ರೈಸ್ಟಾರ್ ವಿಮಾನಕ್ಕಾಗಿ ಒಪ್ಪಿಕೊಂಡಿದ್ದ ಆರ್‌ಬಿ 211 ಎಂಬ ಎಂಜಿನ್ನಿನ ಖರ್ಚು ಅಂದಾಜು ಮೀರಿ ಬೆಳೆದಿತ್ತು. ಆ ಎಂಜಿನ್ನಿನ ಕತೆಯಲ್ಲಿ ಒಂದು ಸಣ್ಣ ಅಧ್ಯಾಯವಿದೆ. ಎಂಜಿನ್ನಿನ ಮುಂಭಾಗದ ದೊಡ್ಡ ಫ್ಯಾನಿನ ಅಲಗುಗಳನ್ನು ಲೋಹದ ಬದಲು ಇಂಗಾಲದ ಎಳೆಗಳಿಂದ, ಅಂದರೆ ಕಾರ್ಬನ್ ಫೈಬರಿನಿಂದ ಮಾಡಲು ಕಂಪೆನಿ ಹೊರಟಿತ್ತು. ‘ಹೈಫಿಲ್’ ಎಂದು ಅದಕ್ಕೆ ಹೆಸರಿಟ್ಟಿತ್ತು. ಹಾರುವ ವಿಮಾನಕ್ಕೆ ಹಕ್ಕಿ ಬಡಿದರೆ ಅಲಗು ತಡೆಯುತ್ತದೆಯೇ ಎಂದು ತಿಳಿಯಲು 1970ರಲ್ಲಿ ಪರೀಕ್ಷೆ ನಡೆಯಿತು. ಅಲಗು ಚೂರಾಯಿತು. ಹೈಫಿಲ್ ಕೈಬಿಟ್ಟು, ಭಾರವೂ ದುಬಾರಿಯೂ ಆದ ಟೈಟಾನಿಯಂಗೆ ಮರಳದೆ ಬೇರೆ ದಾರಿ ಉಳಿಯಲಿಲ್ಲ.

ಉಕ್ಕಿಗಿಂತ ಹಗುರ, ಉಕ್ಕಿಗಿಂತ ಬಲ ಎಂದು ಹೊಗಳಿಸಿಕೊಂಡ ವಸ್ತು ಒಂದು ಹಕ್ಕಿಯ ಪೆಟ್ಟಿಗೆ ಏಕೆ ಸೋತಿತು? ಇದಕ್ಕೆ ಉತ್ತರ ಹುಡುಕಿದರೆ ಇಂದಿನ ವಿಮಾನಗಳ ರೆಕ್ಕೆಯೊಳಗಿನ ಗುಟ್ಟೂ ತಿಳಿಯುತ್ತದೆ. ಲೋಹಕ್ಕೆ ‘ಎಷ್ಟು ಬಲ?’ ಎಂದು ಕೇಳಿದರೆ ಸಾಕು. ಕಾರ್ಬನ್ ಫೈಬರಿಗೆ ‘ಯಾವ ದಿಕ್ಕಿಗೆ?’ ಎಂದೂ ಕೇಳಬೇಕು.

ಬಾಳೆಎಲೆಯ ಪಾಠ

ಇದು ನಮಗೆ ಹೊಸ ಸಂಗತಿಯೇನಲ್ಲ. ಬಾಳೆಎಲೆ ಅದರ ಸಣ್ಣ ಗೆರೆಗಳ ಗುಂಟ ಸಲೀಸಾಗಿ ಸೀಳುತ್ತದೆ, ಗೆರೆಗಳಿಗೆ ಅಡ್ಡಲಾಗಿ ಹರಿಯಲು ಕೈಗೆ ಕೆಲಸ. ಬಿದಿರಿನ ಗಳವನ್ನು ಉದ್ದುದ್ದ ಸೀಳಲು ಒಂದು ಮಚ್ಚಿನ ಏಟು ಸಾಕು, ಅಡ್ಡ ಕಡಿಯಲು ಹತ್ತಾರು ಏಟು ಬೇಕು. ಸೌದೆ ಒಡೆಯುವವರು ಮೊದಲು ನೋಡುವುದೇ ಮರದ ಎಳೆ ಎತ್ತ ಓಡಿದೆ ಎಂದು.

ಕಾರ್ಬನ್ ಫೈಬರಿನಲ್ಲಿ ಈ ಗುಣ ಇನ್ನೂ ತೀವ್ರ. ಒಂದೊಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ಸುಮಾರು ಹತ್ತನೇ ಒಂದು ಭಾಗ. ಇಂಥ ಸಾವಿರಾರು ಎಳೆಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಹಾಸಿ, ಎಪಾಕ್ಸಿ ಎಂಬ ರಾಳದಲ್ಲಿ ನೆನೆಸಿ ತೆಳುವಾದ ಪಟ್ಟಿ ಮಾಡುತ್ತಾರೆ. ಒಂದು ಪದರ ಸುಮಾರು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪ. ಇದನ್ನು ಎಳೆಯ ಗುಂಟ ಜಗ್ಗಿದರೆ ತೋರುವ ಗಡಸುತನ ಅಡ್ಡಕ್ಕೆ ಜಗ್ಗಿದಾಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಹರಿಯುವ ಬಲದಲ್ಲಂತೂ ವ್ಯತ್ಯಾಸ ಸುಮಾರು ಮೂವತ್ತು ಪಟ್ಟು. ಏಕೆಂದರೆ ಅಡ್ಡ ದಿಕ್ಕಿನಲ್ಲಿ ಹಿಡಿದು ನಿಲ್ಲಿಸುವುದು ಎಳೆಯಲ್ಲ, ಅಂಟು ಮಾತ್ರ. ಎಳೆ ಪೂರ್ತಿ ಅಡ್ಡವಾಗುವುದೇನೂ ಬೇಡ, ಕೇವಲ 10 ಡಿಗ್ರಿ ಓರೆಯಾದರೂ ಒಂಟಿ ಪದರದ ಗಡಸುತನ ಸುಮಾರು ಶೇ. 40ರಷ್ಟು ಇಳಿದುಹೋಗುತ್ತದೆ.

ಪಿರಮಿಡ್ ಕಾಲದ ಉಪಾಯ

ಒಂದೇ ದಿಕ್ಕಿಗೆ ಬಲವಿರುವ ವಸ್ತುವನ್ನು ಎಲ್ಲ ದಿಕ್ಕಿಗೂ ಒಗ್ಗಿಸುವ ಉಪಾಯವನ್ನು ಮನುಷ್ಯ ಬಹಳ ಹಿಂದೆಯೇ ಕಂಡುಕೊಂಡಿದ್ದ. ಈಜಿಪ್ಟಿನ ಸಕ್ಕಾರದಲ್ಲಿ ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ಡಿನ ಬಳಿ, ಕ್ರಿ.ಪೂ. ಮೂರನೇ ಸಹಸ್ರಮಾನದ ಒಂದು ಶವಪೆಟ್ಟಿಗೆ ಸಿಕ್ಕಿತು. ಅದರ ಹಲಗೆ ಆರು ತೆಳು ಪದರಗಳದ್ದು. ಒಂದು ಪದರದ ಎಳೆ ಉದ್ದಕ್ಕೆ ಓಡಿದರೆ ಮುಂದಿನದರದ್ದು ಅಡ್ಡಕ್ಕೆ. ನಮ್ಮ ಮನೆಯ ಪ್ಲೈವುಡ್ ಬಾಗಿಲಿನ ತತ್ವವೂ ಇದೇ.

ಆಕಾಶಕ್ಕೂ ಪ್ಲೈವುಡ್ ಏರಿತು. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪೆನಿಯ ಮಸ್ಕಿಟೊ ವಿಮಾನ 1940ರ ನವೆಂಬರ್ 25ರಂದು ಮೊದಲ ಬಾರಿ ಹಾರಿತು. ಹಗುರವಾದ ಬಾಲ್ಸಾ ಮರದ ಎರಡೂ ಬದಿಗೆ ಬರ್ಚ್ ಪ್ಲೈವುಡ್ ಅಂಟಿಸಿ ಅದರ ಒಡಲನ್ನು ಕಟ್ಟಿದ್ದರು. ಅಲ್ಯುಮಿನಿಯಂ ಅಭಾವದ ಕಾಲದಲ್ಲಿ ಪೀಠೋಪಕರಣ ಮಾಡುವ ಬಡಗಿಗಳ ಕೈಗಳೂ ಯುದ್ಧವಿಮಾನ ಕಟ್ಟಲು ಒದಗಿದವು. ಪದರ, ಅಂಟು, ಎಳೆಯ ದಿಕ್ಕು ಈ ಮೂರೂ ಅಲ್ಲಿದ್ದವು. ಎಳೆ ಮಾತ್ರ ಮರದ್ದು.

ಎಳೆ ಹುಟ್ಟಿದ ಬಗೆ

ಇಂಗಾಲದ ಎಳೆ ಮೊದಲು ಉಪಯೋಗಕ್ಕೆ ಬಂದದ್ದು ದೀಪದಲ್ಲಿ. ಥಾಮಸ್ ಎಡಿಸನ್ ಹತ್ತಿಯ ನೂಲು, ಬಿದಿರಿನ ಸಿಬಿರು ಮುಂತಾದವನ್ನು ಸುಟ್ಟು ಕರಿಯಾಗಿಸಿ ವಿದ್ಯುತ್ ಬಲ್ಬಿನ ತಂತು ಮಾಡಿದ್ದ. ಆ ತಂತು ಬೆಳಕು ಕೊಡುತ್ತಿತ್ತು, ಬಲ ಅದಕ್ಕಿರಲಿಲ್ಲ. 1958ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಪ್ರಯೋಗಾಲಯದಲ್ಲಿ ರೋಜರ್ ಬೇಕನ್ ಎಂಬ ವಿಜ್ಞಾನಿ ಗ್ರಾಫೈಟಿನ ಅತಿ ಸಣ್ಣ, ಅತಿ ಬಲಿಷ್ಠ ಎಳೆಗಳನ್ನು ಗುರುತಿಸಿದರು. ಜಪಾನಿನ ಒಸಾಕದಲ್ಲಿ ಅಕಿಯೊ ಶಿಂಡೊ ಮತ್ತೊಂದು ದಾರಿ ಹಿಡಿದರು. ಸ್ವೆಟರಿಗೆ ಬಳಸುವ ಅಕ್ರಿಲಿಕ್ ನೂಲಿನ ಜಾತಿಯದೇ ಆದ ಕೃತಕ ಎಳೆಯನ್ನು ಹದವಾಗಿ ಸುಟ್ಟು ಇಂಗಾಲದ ಎಳೆ ತೆಗೆಯಬಹುದೆಂದು 1960ರ ದಶಕದ ಆರಂಭದಲ್ಲಿ ತೋರಿಸಿದರು.

ಬ್ರಿಟನ್ನಿನ ಫಾರ್ನ್‌ಬರೊದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾಲಯದ ವಿಲಿಯಂ ವ್ಯಾಟ್, ಲೆಸ್ಲಿ ಫಿಲಿಪ್ಸ್ ಮತ್ತು ಜಾನ್ಸನ್ ಅದೇ ದಶಕದ ಮಧ್ಯದಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಕಾಯಿಸುವಾಗ ಎಳೆ ಕುಗ್ಗಲು ಹೊರಡುತ್ತದೆ. ಹಾಗೆ ಕುಗ್ಗಲು ಬಿಡದೆ ಬಿಗಿಯಾಗಿ ಎಳೆದು ಹಿಡಿದರೆ, ಒಳಗಿನ ಅಣುಗಳೂ ಎಳೆಯ ಉದ್ದಕ್ಕೆ ಸಾಲುಗಟ್ಟಿ ನಿಲ್ಲುತ್ತವೆ, ಬಲ ಹಲವು ಪಟ್ಟು ಏರುತ್ತದೆ. ದಿಕ್ಕಿನ ಲೆಕ್ಕ ಅಣುವಿನ ಮಟ್ಟದಿಂದಲೇ ಶುರುವಾಯಿತು ಎನ್ನಬಹುದು.

ರೋಲ್ಸ್ ರಾಯ್ಸ್ ಹೈಫಿಲ್ ಅಲಗು ಮಾಡಿದ್ದು ಈ ಹೊಸ ಎಳೆಯನ್ನು ನಂಬಿ. ತಿರುಗುವ ಫ್ಯಾನಿನಲ್ಲಿ ಅಲಗನ್ನು ಹೊರಕ್ಕೆ ಜಗ್ಗುವ ಬಲ ಅದರ ಉದ್ದಕ್ಕೇ ಇರುತ್ತದೆ. ಉದ್ದಕ್ಕೆ ಹಾಸಿದ ಎಳೆಗಳು ಅದನ್ನು ನಿರಾಯಾಸವಾಗಿ ಹೊರಬಲ್ಲವು. ಆದರೆ ಹಕ್ಕಿ ಉದ್ದಕ್ಕೆ ಬರುವುದಿಲ್ಲ, ಪಕ್ಕಕ್ಕೆ ಬಂದು ಬಡಿಯುತ್ತದೆ. ಆ ಪೆಟ್ಟು ಬೀಳುವುದು ಎಳೆಗಳ ಸಾಲಿಗೆ ಅಡ್ಡಲಾಗಿ, ಪದರ ಪದರದ ನಡುವಿನ ಅಂಟಿನ ಮೇಲೆ. ಅಂದಿನ ರಾಳಗಳಿಗೆ ಅದನ್ನು ತಾಳುವ ಜಿಗುಟುತನವೂ ಇರಲಿಲ್ಲ.

ಹಾಗೆಂದು ಆ ಕನಸು ಸುಳ್ಳಾಗಲಿಲ್ಲ. ಸುಮಾರು 25 ವರ್ಷಗಳ ನಂತರ, 1995ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಜಿಇ 90 ಎಂಜಿನ್ ಕಾರ್ಬನ್ ಫೈಬರಿನ ಫ್ಯಾನ್ ಅಲಗುಗಳೊಂದಿಗೇ ಬೋಯಿಂಗ್ 777 ವಿಮಾನವನ್ನು ಹೊತ್ತು ಹಾರಿತು. ಹಕ್ಕಿ ಬಡಿಯುವ ಅಂಚಿಗೆ ಟೈಟಾನಿಯಂ ಕಟ್ಟು ಹಾಕಿದ್ದರು. ರಾಳ ಸುಧಾರಿಸಿತ್ತು, ಪದರಗಳನ್ನು ಯಾವ ಕೋನಕ್ಕೆ ಹಾಸಬೇಕೆಂಬ ವಿದ್ಯೆಯೂ ಬೆಳೆದಿತ್ತು.

ಸಮತೋಲದ ಎರಡು ನಿಯಮ

ಏನು ಆ ವಿದ್ಯೆ? ಸಾಮಾನ್ಯವಾಗಿ ನಾಲ್ಕು ದಿಕ್ಕುಗಳ ಲೆಕ್ಕ ಅದು. ರೆಕ್ಕೆಯ ಉದ್ದಕ್ಕೆ ಓಡುವ ಎಳೆ ಸೊನ್ನೆ ಡಿಗ್ರಿಯದು, ಬಾಗುವಿಕೆಯನ್ನು ತಡೆಯುವುದು ಅದರ ಪಾಲು. ಪೂರ್ತಿ ಅಡ್ಡಕ್ಕೆ ಓಡುವುದು 90 ಡಿಗ್ರಿಯದು. ಇವೆರಡರ ನಡುವೆ ಬಲಕ್ಕೊಂದು, ಎಡಕ್ಕೊಂದು ಓರೆಯಾಗಿ 45 ಡಿಗ್ರಿಯ ಎರಡು ಬಗೆ. ತಿರುಚುವ ಬಲವನ್ನು ಎದುರಿಸುವುದು ಈ ಓರೆ ಎಳೆಗಳೇ.

ಓರೆಯ ಮಹಿಮೆ ತಿಳಿಯಬೇಕಾದರೆ ದರ್ಜಿಯನ್ನು ಕೇಳಬೇಕು. ಬಟ್ಟೆಯನ್ನು ಹಾಸಿನ ಗುಂಟವೋ ಹೊಕ್ಕಿನ ಗುಂಟವೋ ಎಳೆದರೆ ಅದು ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ. ‘ಕ್ರಾಸ್ ಕಟ್’ ರವಿಕೆ ಮೈಗೆ ಹೊಂದಿಕೊಳ್ಳುವುದು ಇದೇ ಕಾರಣಕ್ಕೆ. ರವಿಕೆಗೆ ಹಿಗ್ಗುವುದು ಗುಣ, ರೆಕ್ಕೆಗೆ ಅದು ಅಪಾಯ. ಹಾಗಾಗಿ ತಿರುಚುವ ಬಲ ಬೀಳುವ ಜಾಗದಲ್ಲಿ ಎಳೆಗಳನ್ನೇ ಓರೆಯಾಗಿ ಹಾಸಿ ಹಿಗ್ಗದಂತೆ ಮಾಡುತ್ತಾರೆ.

ಇಲ್ಲೊಂದು ತೊಡಕಿದೆ. ಎಳೆಗಳು ಒಂದೇ ಕಡೆಗೆ ಓರೆಯಾಗಿರುವ ಪಟ್ಟಿಯನ್ನು ನೇರಕ್ಕೆ ಜಗ್ಗಿದರೆ ಅದು ಉದ್ದವಾಗುವುದರ ಜೊತೆಗೆ ಪಕ್ಕಕ್ಕೂ ಸೊಟ್ಟಗಾಗುತ್ತದೆ. ಚೌಕಾಕಾರದ ಹಾಳೆ ವಾಲಿದ ಚೌಕಟ್ಟಿನಂತಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಬಲಕ್ಕೆ ಓರೆಯಾದ ಪ್ರತಿ ಪದರಕ್ಕೆ ಎಡಕ್ಕೆ ಅಷ್ಟೇ ಓರೆಯಾದ, ಅಷ್ಟೇ ದಪ್ಪದ ಇನ್ನೊಂದು ಪದರವನ್ನು ಜೊತೆ ಮಾಡುವುದು. ಒಂದು ಅತ್ತ ಸೊಟ್ಟಗಾಗಲು ಹೊರಟರೆ ಇನ್ನೊಂದು ಇತ್ತ ಎಳೆಯುತ್ತದೆ. ತಂತ್ರಜ್ಞರು ‘ಸಮತೋಲದ ಜೋಡಣೆ’ ಎನ್ನುವುದು ಇದಕ್ಕೆ. ಜೋಡೆತ್ತಿನ ಬಂಡಿಯಲ್ಲಿ ಒಂದೇ ಎತ್ತು ಎಳೆದರೆ ಬಂಡಿ ಪಕ್ಕಕ್ಕೆ ತಿರುಗುವುದಿಲ್ಲವೇ, ಹಾಗೆ.

ಎರಡನೇ ನಿಯಮ ಪದರಗಳ ಸರದಿಗೆ ಸಂಬಂಧಿಸಿದ್ದು. ಬಲ ಓರೆ, ಎಡ ಓರೆ ಸಮಸಂಖ್ಯೆಯಲ್ಲಿದ್ದರೂ ಬಲ ಓರೆಯವೆಲ್ಲ ಮೇಲೆ, ಎಡ ಓರೆಯವೆಲ್ಲ ಕೆಳಗೆ ಇದ್ದರೆ ಜಗ್ಗಿದಾಗ ಹಲಗೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಹಲಗೆಯ ನಡುವಿನಲ್ಲಿ ಕನ್ನಡಿ ಇಟ್ಟಂತೆ, ಮೇಲಿನ ಅರ್ಧದ ಸರದಿಯೇ ಕೆಳಗಿನ ಅರ್ಧದಲ್ಲಿ ತಿರುವುಮುರುವಾಗಿ ಬರಬೇಕು. ಎಂಟು ಪದರದ ಒಂದು ಹಾಳೆ ಎಂದುಕೊಳ್ಳೋಣ: ಸೊನ್ನೆ, ಬಲ 45, ಎಡ 45, 90, ಮತ್ತೆ 90, ಎಡ 45, ಬಲ 45, ಸೊನ್ನೆ. ಇದರ ಒಟ್ಟು ದಪ್ಪ ಸುಮಾರು ಒಂದು ಮಿಲಿಮೀಟರ್. ಈ ಹಾಳೆಯ ಗಡಸುತನ ಅದರ ಮೈಯ ಗುಂಟ ಯಾವ ದಿಕ್ಕಿಗೆ ಜಗ್ಗಿದರೂ ಒಂದೇ.

ಈ ಎರಡನೇ ನಿಯಮ ಮೀರಿದರೆ ಶಿಕ್ಷೆ ಹಾರಾಟದವರೆಗೂ ಕಾಯುವುದಿಲ್ಲ. ರಾಳ ಗಟ್ಟಿಯಾಗಲು ಹಾಳೆಯನ್ನು ಸುಮಾರು 180 ಡಿಗ್ರಿ ಸೆಲ್ಷಿಯಸ್‌ವರೆಗೆ ಕಾಯಿಸುತ್ತಾರೆ. ತಣಿಯುವಾಗ ಎಳೆಯ ಉದ್ದಕ್ಕೆ ಕುಗ್ಗುವಿಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅಡ್ಡಕ್ಕೆ ಬಹಳ ಹೆಚ್ಚು. ಸರದಿ ಸರಿಯಿಲ್ಲದಿದ್ದರೆ ಒಂದು ಮೈ ಹೆಚ್ಚು, ಇನ್ನೊಂದು ಮೈ ಕಡಿಮೆ ಕುಗ್ಗಿ ಹಾಳೆ ಒಲೆಯಿಂದ ಸೊಟ್ಟಗಾಗಿಯೇ ಹೊರಬರುತ್ತದೆ. ಪುಸ್ತಕ ಕಟ್ಟುವವರಿಗೆ ಈ ಕಷ್ಟ ಗೊತ್ತು. ರಟ್ಟಿನ ಒಂದೇ ಬದಿಗೆ ಕಾಗದ ಅಂಟಿಸಿ ಒಣಗಲು ಬಿಟ್ಟರೆ ಅದು ದೋಣಿಯಂತೆ ಬಾಗುತ್ತದೆ. ಇನ್ನೊಂದು ಬದಿಗೂ ಕಾಗದ ಅಂಟಿಸಿದರೆ ನೆಟ್ಟಗಾಗುತ್ತದೆ.

ಬೇಕೆಂದೇ ಮುರಿದ ನಿಯಮ

ನಿಯಮ ಪೂರ್ತಿ ತಿಳಿದವರು ಅದನ್ನು ಬೇಕೆಂದೇ ಮುರಿದ ಪ್ರಸಂಗವೂ ಇದೆ. ವಿಮಾನದ ರೆಕ್ಕೆಗಳು ಸಾಮಾನ್ಯವಾಗಿ ಹಿಂದಕ್ಕೆ ಬಾಗಿರುತ್ತವೆ. ಮುಂದಕ್ಕೆ ಬಾಗಿದ್ದರೆ ಕೆಲವು ಅನುಕೂಲಗಳಿವೆ ಎಂದು ಜರ್ಮನರಿಗೆ ಗೊತ್ತಿತ್ತು. 1944ರ ಆಗಸ್ಟಿನಲ್ಲಿ ಜುಂಕರ್ಸ್ 287 ಎಂಬ ಅಂಥ ಜೆಟ್ ವಿಮಾನವನ್ನು ಅವರು ಹಾರಿಸಿಯೂ ನೋಡಿದರು. ಆದರೆ ಮುಂದಕ್ಕೆ ಬಾಗಿದ ರೆಕ್ಕೆಗೆ ಒಂದು ಹುಟ್ಟುಗುಣವಿದೆ. ಗಾಳಿ ಎತ್ತಿದಾಗ ರೆಕ್ಕೆಯ ತುದಿ ಮೇಲಕ್ಕೆ ಬಾಗುತ್ತದೆ. ಬಾಗುವಾಗ ಅದರ ಮುಂಚೂಣಿ ಇನ್ನಷ್ಟು ಮೇಲಕ್ಕೆ ತಿರುಚಿಕೊಳ್ಳುತ್ತದೆ, ಗಾಳಿ ಇನ್ನಷ್ಟು ಎತ್ತುತ್ತದೆ, ರೆಕ್ಕೆ ಇನ್ನಷ್ಟು ಬಾಗುತ್ತದೆ. ವೇಗ ಒಂದು ಮಿತಿ ದಾಟಿದರೆ ಮುರಿಯುವುದೇ ಕೊನೆ. ಲೋಹದಲ್ಲಿ ಇದನ್ನು ತಡೆಯಬೇಕಾದರೆ ರೆಕ್ಕೆಯನ್ನು ಭಾರಿ ದಪ್ಪ ಮಾಡಬೇಕು. ಆಗ ಅನುಕೂಲವೆಲ್ಲ ತೂಕಕ್ಕೆ ಹೋಯಿತು.

ನಾಲ್ಕು ದಶಕಗಳ ನಂತರ ಉತ್ತರ ಕೊಟ್ಟದ್ದು ಕಾರ್ಬನ್ ಎಳೆ. 1984ರ ಡಿಸೆಂಬರ್ 14ರಂದು ಅಮೆರಿಕದ ಎಡ್ವರ್ಡ್ಸ್ ವಾಯುನೆಲೆಯಿಂದ ಹಾರಿದ ಗ್ರಮನ್ ಕಂಪೆನಿಯ ಎಕ್ಸ್-29 ವಿಮಾನದ ರೆಕ್ಕೆ ಮುಂದಕ್ಕೇ ಬಾಗಿತ್ತು. ಅದರ ಹೊದಿಕೆ ತೀರ ದಪ್ಪವಿದ್ದ ಜಾಗದಲ್ಲಿ 156 ಪದರಗಳಿದ್ದವು. ಈ ಹೊದಿಕೆಯಲ್ಲಿ ಓರೆ ಎಳೆಗಳನ್ನು ಸಮತೋಲದಲ್ಲಿಡದೆ ಒಂದು ಕಡೆಗೇ ಹೆಚ್ಚು ವಾಲಿಸಿದ್ದರು. ರೆಕ್ಕೆ ಮೇಲಕ್ಕೆ ಬಾಗಿದಾಗ ಮೇಲಿನ ಹೊದಿಕೆ ಕುಗ್ಗುತ್ತದೆ, ಕೆಳಗಿನದು ಹಿಗ್ಗುತ್ತದೆ. ಸಮತೋಲವಿಲ್ಲದ್ದರಿಂದ ಒಂದು ಅತ್ತ, ಒಂದು ಇತ್ತ ಸೊಟ್ಟಗಾಗಲು ನೋಡುತ್ತವೆ. ಎರಡೂ ಸೇರಿ ರೆಕ್ಕೆಯ ಮುಂಚೂಣಿಯನ್ನು ಕೆಳಕ್ಕೆ ತಿರುಚುತ್ತವೆ. ಗಾಳಿ ಮೇಲಕ್ಕೆ ತಿರುಚಿದರೆ ಎಳೆ ಕೆಳಕ್ಕೆ ತಿರುಚುತ್ತದೆ. ಬೇರೆಡೆ ದೋಷವೆಂದು ದೂರವಿಟ್ಟ ಗುಣವೇ ಇಲ್ಲಿ ರೆಕ್ಕೆಯನ್ನು ಕಾಯಿತು.

ಬೆಂಗಳೂರಿನ ರೆಕ್ಕೆ

ಎಕ್ಸ್-29 ಹಾರಿದ ಅದೇ 1984ರಲ್ಲಿ ಬೆಂಗಳೂರಿನಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಹುಟ್ಟಿತು. ಭಾರತದ್ದೇ ಆದ ಹಗುರ ಯುದ್ಧವಿಮಾನವನ್ನು ರೂಪಿಸುವುದು ಅದರ ಕೆಲಸ. ವಿಮಾನ ನಿಜಕ್ಕೂ ಹಗುರವಾಗಬೇಕಾದರೆ ಅಲ್ಯುಮಿನಿಯಂ ಒಂದನ್ನೇ ನೆಚ್ಚಿದರೆ ಸಾಲದು ಎಂದು ಕಾರ್ಬನ್ ಫೈಬರನ್ನು ಆರಿಸಿಕೊಂಡರು. ನಗರದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯಗಳು, ಅಂದರೆ ಎನ್‌ಎಎಲ್, ಈ ವಸ್ತುವಿನ ವಿದ್ಯೆಯನ್ನು ಬೆಳೆಸಿದವು. ರೆಕ್ಕೆಯ ಹೊದಿಕೆಯನ್ನೂ ಒಳಗಿನ ಪಕ್ಕೆಲುಬುಗಳನ್ನೂ ಬೇರೆ ಬೇರೆ ಮಾಡಿ ಸಾವಿರಾರು ರಿವೆಟ್ ಹೊಡೆಯುವ ಬದಲು, ಹಲವು ಭಾಗಗಳನ್ನು ಒಟ್ಟಿಗೇ ಬೇಯಿಸಿ ಒಂದಾಗಿಸುವ ವಿಧಾನವನ್ನು ಇಲ್ಲಿನವರು ಕರಗತ ಮಾಡಿಕೊಂಡರು. ಬೇಯಿಸುವುದು ಆಟೋಕ್ಲೇವ್ ಎಂಬ ಯಂತ್ರದಲ್ಲಿ. ಅದನ್ನು ಕೋಣೆಯಷ್ಟು ದೊಡ್ಡ ಪ್ರೆಷರ್ ಕುಕ್ಕರ್ ಎಂದುಕೊಳ್ಳಬಹುದು. ಒಂದೊಂದು ಭಾಗದ ಪದರಗಳು ಎಲ್ಲಿ ಆರಂಭವಾಗಿ, ಯಾವ ಕೋನದಲ್ಲಿ ಓಡಿ, ಎಲ್ಲಿ ಮುಗಿಯಬೇಕೆಂದು ಗೊತ್ತುಮಾಡಲು ‘ಆಟೋಲೇ’ ಎಂಬ ಕಂಪ್ಯೂಟರ್ ತಂತ್ರಾಂಶವನ್ನೂ ಏಜೆನ್ಸಿ ಸಿದ್ಧಪಡಿಸಿತು.

2001ರ ಜನವರಿ 4ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಆ ವಿಮಾನವನ್ನು ಮೊದಲ ಬಾರಿ ಹಾರಿಸಿದರು. ಮುಂದೆ ‘ತೇಜಸ್’ ಎಂದು ಹೆಸರಾದ ಈ ವಿಮಾನದ ಒಡಲಿನ ತೂಕದಲ್ಲಿ ಶೇ. 45ರಷ್ಟು ಇಂಥ ಸಂಯುಕ್ತ ವಸ್ತುಗಳದ್ದೇ. 2016ರ ಜುಲೈ 1ರಂದು ಅದು ವಾಯುಪಡೆಯನ್ನು ಸೇರಿತು. ಯೋಜನೆ ತಡವಾಯಿತೆಂಬ ಟೀಕೆ ಬಹಳ ಕೇಳಿಬಂದಿದೆ. ಆ ಟೀಕೆಯ ನಡುವೆ, ಎಳೆ ಹಾಸುವ ಈ ವಿದ್ಯೆ ನಮ್ಮ ಊರಿನಲ್ಲಿ ಬೇರೂರಿತು ಎಂಬ ಮಾತು ಅಷ್ಟಾಗಿ ಕಿವಿಗೆ ಬೀಳಲಿಲ್ಲ.

ಕಾಣದ ತಪ್ಪು

ಈ ವಿದ್ಯೆಯಲ್ಲಿ ಒಂದು ಭಯವೂ ಅಡಗಿದೆ. ರಾಳ ನೆನೆಸಿದ ಹಾಳೆಗಳನ್ನು ಶೀತಕೋಣೆಯಿಂದ ತೆಗೆದು, ಧೂಳಿಲ್ಲದ ಕೊಠಡಿಯಲ್ಲಿ ಅಚ್ಚಿನ ಮೇಲೆ ಒಂದೊಂದಾಗಿ ಹಾಸುತ್ತಾರೆ. ಈಗ ಹಲವು ಕಾರ್ಖಾನೆಗಳಲ್ಲಿ ಲೇಸರ್ ಬೆಳಕಿನ ಗೆರೆ ಅಚ್ಚಿನ ಮೇಲೆ ಬಿದ್ದು ಪದರದ ಜಾಗವನ್ನು ತೋರಿಸುತ್ತದೆ, ದೊಡ್ಡ ಭಾಗಗಳನ್ನು ಯಂತ್ರಗಳೇ ಹಾಸುತ್ತವೆ. ಆದರೂ ಮನುಷ್ಯರ ಕೈ ಹಾಸುವ ಭಾಗಗಳು ಬಹಳ ಉಳಿದಿವೆ. ಬಲ ಓರೆಯ ಜಾಗದಲ್ಲಿ ಎಡ ಓರೆ ಬಿತ್ತೆನ್ನಿ, ಮೇಲೆ ಇನ್ನೊಂದು ಪದರ ಮುಚ್ಚಿದ ಕೂಡಲೇ ಆ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಬೆಂದ ಮೇಲೆ ಎಲ್ಲವೂ ಒಂದೇ ಕಪ್ಪು. ಒಳಗಿನ ಗಾಳಿಗುಳ್ಳೆ, ಬಿರುಕುಗಳನ್ನು ಹುಡುಕುವ ಶಬ್ದಾತೀತ ಪರೀಕ್ಷೆ ಕೂಡ ಪದರದ ದಿಕ್ಕು ತಪ್ಪಿದೆಯೆಂದು ಸುಲಭವಾಗಿ ಹೇಳುವುದಿಲ್ಲ. ಅದಕ್ಕೇ ಪ್ರತಿ ಪದರಕ್ಕೂ ಹಾಸಿದವರ ಸಹಿ, ಪರಿಶೀಲಿಸಿದವರ ಸಹಿ ಬೀಳುವ ಪದ್ಧತಿ ವಿಮಾನ ಕಾರ್ಖಾನೆಗಳಲ್ಲಿ ಬಂದಿದೆ.

ಹೀಗೆ ಲೆಕ್ಕ ಇಟ್ಟು, ಪರೀಕ್ಷಿಸಿ, ಪ್ರಮಾಣಪತ್ರ ಪಡೆಯುವ ಶಿಸ್ತನ್ನು ಬದಿಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ‘ಟೈಟನ್’. 2023ರ ಜೂನ್ 18ರಂದು ಟೈಟಾನಿಕ್ ಹಡಗಿನ ಅವಶೇಷ ನೋಡಲು ಅಟ್ಲಾಂಟಿಕ್ ಸಾಗರಕ್ಕಿಳಿದ ಆ ಜಲಾಂತರ ನೌಕೆ ಒಳಕ್ಕೆ ಕುಸಿದು, ಅದರಲ್ಲಿದ್ದ ಐವರೂ ಸತ್ತರು. ಅದರ ಉರುಳೆಯಾಕಾರದ ಒಡಲು ಕಾರ್ಬನ್ ಫೈಬರಿನದು. ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರ ಅದಕ್ಕಿರಲಿಲ್ಲ. ಅಮೆರಿಕದ ತನಿಖಾ ತಜ್ಞರು ಒಡಲಿನ ಪದರಗಳಲ್ಲಿ ಸುಕ್ಕುಗಳನ್ನೂ ಗಾಳಿಗುಳ್ಳೆಗಳನ್ನೂ ಕಂಡರು. ಸುಕ್ಕು ಎಂದರೆ ಆ ಜಾಗದಲ್ಲಿ ಎಳೆ ತನ್ನ ದಿಕ್ಕು ಬಿಟ್ಟಿದೆ ಎಂದೇ ಅರ್ಥ. ಜಗ್ಗುವ ಬಲಕ್ಕೆ ಎಳೆ ನೂಲಿನಂತೆ ನೆಟ್ಟಗಾಗಿ ನಿಂತೀತು. ಅದುಮುವ ಬಲ ಬಿದ್ದಾಗ, ಮೊದಲೇ ಡೊಂಕಾದ ಎಳೆ ಇನ್ನಷ್ಟು ಡೊಂಕಾಗಿ ಮಡಚಿಕೊಳ್ಳುತ್ತದೆ. ಸಮುದ್ರದಾಳದಲ್ಲಿ ನೂರಾರು ಪಟ್ಟು ಒತ್ತಡ ಸುತ್ತಲಿಂದ ಅದುಮುತ್ತಿರುತ್ತದೆ.

2011ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ ಬೋಯಿಂಗ್ 787 ವಿಮಾನದ ತೂಕದಲ್ಲಿ ಸುಮಾರು ಅರ್ಧ ಭಾಗ ಸಂಯುಕ್ತ ವಸ್ತುಗಳದ್ದು. ಬೆಂಗಳೂರಿನಿಂದ ದೂರದ ಊರುಗಳಿಗೆ ಹೋಗುವ ಪ್ರಯಾಣಿಕರು ಇಂಥ ವಿಮಾನಗಳಲ್ಲಿ ನಿತ್ಯವೂ ಕುಳಿತಿರುತ್ತಾರೆ. ಕಿಟಕಿಯಾಚೆ ರೆಕ್ಕೆ ಬಿಲ್ಲಿನಂತೆ ಮೇಲಕ್ಕೆ ಬಾಗಿರುವುದು ಕಂಡರೆ ಗಾಬರಿಯಾಗಬೇಕಿಲ್ಲ. ಬಾಗುವುದನ್ನು ಲೆಕ್ಕ ಹಾಕಿಯೇ ಬಿಟ್ಟಿರುತ್ತಾರೆ. ಅದು ತಿರುಚಿಕೊಳ್ಳದಂತೆ, ಸೀಳದಂತೆ ಹಿಡಿದಿರುವುದು ಬಣ್ಣದ ಕೆಳಗೆ ಅತ್ತ ಇತ್ತ ಓರೆಯಾಗಿ ಮಲಗಿರುವ ಎಳೆಗಳು, ಮತ್ತು ಅವನ್ನು ಹೇಳಿದ ದಿಕ್ಕಿಗೇ ಹಾಸಿ ಸಹಿ ಹಾಕಿದ ಕೈಗಳು.